ಹೊಸ ಆಯಿಲ್, ಹಳೇ ಫಿಲ್ಟರ್

"ಫಿಲ್ಟರ್ ಈ ಸಲ ಬೇಡ ಸಾರ್, ಹೋದ ಸಲ ಹಾಕಿದ್ದೇ ಇದೆ. ಆಯಿಲ್ ಮಾತ್ರ ಸಾಕು." ನಮ್ಮ ಊರುಗಳ ಸಣ್ಣ ಗ್ಯಾರೇಜುಗಳಲ್ಲಿ ಈ ಮಾತು ಸಾಮಾನ್ಯ. ನೂರೈವತ್ತು ರೂಪಾಯಿ ಉಳಿಯಿತಲ್ಲ ಎಂದು ಕಾರಿನವರು ತಲೆಯಾಡಿಸುತ್ತಾರೆ. ಇನ್ನೊಂದು ಗುಂಪಿನವರಿಗೆ ಇದೇ ಮಾತು ಕೇಳಿದರೆ ಮೈ ಉರಿಯುತ್ತದೆ. ಸ್ನಾನ ಮಾಡಿ ಬೆವರಿನ ಅಂಗಿಯನ್ನೇ ಮತ್ತೆ ತೊಟ್ಟ ಹಾಗಾಯಿತು ಎಂದು ಹಂಗಿಸುತ್ತಾರೆ. ಈ ಇಬ್ಬರಲ್ಲಿ ಯಾರ ಪಕ್ಷವನ್ನೂ ಪೂರ್ತಿ ವಹಿಸಲು ನನ್ನಿಂದಾಗದು. ಮೊದಲನೆಯವರು ತಪ್ಪು ಜಾಗದಲ್ಲಿ ಉಳಿತಾಯ ಮಾಡುತ್ತಿದ್ದಾರೆ, ಎರಡನೆಯವರು ತಪ್ಪು ಕಾರಣಕ್ಕೆ ಸಿಟ್ಟಾಗಿದ್ದಾರೆ.

ಅಂಗಿಯ ಮಾತನ್ನೇ ಮೊದಲು ನೋಡೋಣ. ಚೇಂಬರಿನ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದ ಮೇಲೆ ಸಣ್ಣ ಕಾರಿನ ಫಿಲ್ಟರಿನೊಳಗೆ ಉಳಿಯುವುದು ಸುಮಾರು ಕಾಲು ಲೀಟರ್. ಕಾರಿನ ಜೊತೆ ಬರುವ ಪುಸ್ತಕದಲ್ಲೇ ಎಷ್ಟೋ ಕಂಪನಿಗಳು ಎರಡು ಅಳತೆ ಕೊಟ್ಟಿರುತ್ತವೆ: ಫಿಲ್ಟರ್ ಬದಲಿಸಿದರೆ ಇಷ್ಟು ಆಯಿಲ್, ಬದಲಿಸದಿದ್ದರೆ ಇಷ್ಟು. ಮೂರು ಲೀಟರ್ ಹೊಸ ಆಯಿಲಿಗೆ ಕಾಲು ಲೀಟರ್ ಹಳೆಯದು ಸೇರಿದರೆ ನೂರಕ್ಕೆ ಎಂಟು ಪಾಲು ಬೆರಕೆ. ಫಿಲ್ಟರನ್ನೂ ಬದಲಿಸಿದಿರಿ ಎನ್ನಿ, ಆಗಲೂ ಎಂಜಿನ್ನಿನ ಸಂದುಗೊಂದುಗಳಲ್ಲಿ ಒಂದಷ್ಟು ಹಳೆ ಆಯಿಲ್ ಅಂಟಿಕೊಂಡೇ ಇರುತ್ತದೆ. ಇಷ್ಟು ಬೆರಕೆಯಿಂದ ಯಾವ ಎಂಜಿನ್ನೂ ಹಾಳಾಗುವುದಿಲ್ಲ. ಫಿಲ್ಟರಿನಲ್ಲಿ ಸಿಕ್ಕಿಬಿದ್ದ ಕೊಳೆಯಾದರೂ ಹೊಸ ಆಯಿಲಿಗೆ ಕರಗಿ ಬರುವಂಥದ್ದಲ್ಲ. ಮರಳಿನ ಕಣ, ಲೋಹದ ಚೂರು ಕಾಗದದ ನಾರಿನೊಳಗೆ ಕಚ್ಚಿ ಕೂತಿರುತ್ತವೆ.

ಆಯಿಲೂ ಫಿಲ್ಟರೂ ಹಾಳಾಗುವ ಬಗೆಯೇ ಬೇರೆ ಬೇರೆ. ಆಯಿಲ್ ಕೆಡುವುದು ರಾಸಾಯನಿಕವಾಗಿ. ಬಿಸಿಗೆ ಗಾಳಿಯ ಆಮ್ಲಜನಕ ಸೇರಿ ಅದು ಮಂದವಾಗುತ್ತದೆ, ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ ಕರಗುತ್ತದೆ, ಸುಡದೆ ಉಳಿದ ಪೆಟ್ರೋಲು, ನೀರಿನ ಆವಿ ಅದಕ್ಕೆ ಬೆರೆಯುತ್ತವೆ. ಇದರಲ್ಲಿ ಒಂದನ್ನೂ ಫಿಲ್ಟರ್ ತಡೆಯಲಾರದು. ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿ ಒಂದು ಸುತ್ತು ಹೋಗಿಬರುವಷ್ಟರಲ್ಲಿ ಅದು ಕಪ್ಪಾಗುತ್ತದೆ. ಆ ಮಸಿಯ ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು. ಅವು ಒಂದಕ್ಕೊಂದು ಅಂಟದೆ ತೇಲುತ್ತಿರಲಿ ಎಂದೇ ಆಯಿಲಿನಲ್ಲಿ ಔಷಧಿ ಬೆರೆಸಿರುತ್ತಾರೆ, ಫಿಲ್ಟರಿಗೆ ಅವು ಸಿಗುವುದಿಲ್ಲ. ಹಾಗಾಗಿ ಡಿಪ್‌ಸ್ಟಿಕ್ಕಿನ ಕಪ್ಪು ಬಣ್ಣ ನೋಡಿ ಫಿಲ್ಟರ್ ಹೋಗಿದೆ ಅಂತಲೋ ಇನ್ನೂ ಇದೆ ಅಂತಲೋ ತೀರ್ಪು ಕೊಡುವ ಮೇಸ್ತ್ರಿಯನ್ನು ನಂಬಬೇಕಾಗಿಲ್ಲ. ಫಿಲ್ಟರಿನ ಆಯುಷ್ಯ ನಿಂತಿರುವುದು ಅದು ಹಿಡಿದ ದೂಳು ಮತ್ತು ಚೂರಿನ ಪ್ರಮಾಣದ ಮೇಲೆ, ಜೊತೆಗೆ ಅದರ ಕಾಗದ, ರಬ್ಬರು ಬಿಸಿ ತಿಂದ ಕಾಲದ ಮೇಲೆ. ಎರಡರ ಆಯುಷ್ಯವೂ ಒಂದೇ ದಿನ ಮುಗಿಯಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಹೇಗೂ ಕಾರು ಮೇಲೇರಿಸಿದ್ದೇವೆ, ಎರಡನ್ನೂ ಮುಗಿಸಿಬಿಡೋಣ ಎನ್ನುವುದು ಅನುಕೂಲದ ಲೆಕ್ಕ.

ಹಳೇ ಫಿಲ್ಟರಿನ ಪರವಾಗಿ ಇನ್ನೂ ಬಲವಾದ ವಾದವೊಂದಿದೆ. ಕಾಗದದ ಫಿಲ್ಟರ್ ಬಳಸುತ್ತಾ ಹೋದಂತೆ ಅದರ ರಂಧ್ರಗಳು ಕಿರಿದಾಗುತ್ತವೆ, ಮೊದಲು ನುಸುಳಿ ಹೋಗುತ್ತಿದ್ದ ಕಣಗಳು ಸಿಕ್ಕಿಕೊಳ್ಳತೊಡಗುತ್ತವೆ. ಅಂದರೆ ಐದು ಸಾವಿರ ಕಿಲೋಮೀಟರ್ ಓಡಿದ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಒಂದು ಕೈ ಮೇಲಾಗಿ ಸೋಸಬಹುದು. ಸಣ್ಣ ಕಣವನ್ನು ಹಿಡಿಯುವುದು ಎಷ್ಟು ಮುಖ್ಯ ಎಂಬುದಕ್ಕೆ 1988ರಲ್ಲಿ ಜನರಲ್ ಮೋಟಾರ್ಸ್ ಕಡೆಯವರು ಪ್ರಕಟಿಸಿದ ಪರೀಕ್ಷೆಯನ್ನು ಇವತ್ತಿಗೂ ಉದಾಹರಿಸುತ್ತಾರೆ: 40 ಮೈಕ್ರಾನಿನ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನಿನದು ಎಂಜಿನ್ ಸವೆತವನ್ನು ಅರ್ಧಕ್ಕೆ ಇಳಿಸಿತು, 15 ಮೈಕ್ರಾನಿನದು ಶೇಕಡಾ 70ರಷ್ಟು ತಗ್ಗಿಸಿತು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಬೇರಿಂಗ್ ಸವೆಯುವುದು ಕಣ್ಣಿಗೆ ಕಾಣದ ಕಣಗಳಿಂದ.

ಇದು ಬರೀ ಕಾಗದದ ಮೇಲಿನ ವಾದವಲ್ಲ. ಹೋಂಡಾ ಕಂಪನಿ ಅಮೆರಿಕದಲ್ಲಿ ಇದನ್ನು ದಶಕಗಳ ಕಾಲ ಅಧಿಕೃತವಾಗಿಯೇ ಹೇಳಿಕೊಂಡು ಬಂದಿದೆ. 1990ರ ದಶಕದ ಸಿವಿಕ್ ಕಾರಿನ ಪುಸ್ತಕದಲ್ಲಿ ಸಾಧಾರಣ ಓಡಾಟಕ್ಕೆ 7,500 ಮೈಲಿಗೊಮ್ಮೆ ಆಯಿಲ್, 15,000 ಮೈಲಿಗೊಮ್ಮೆ ಫಿಲ್ಟರ್. ಆಮೇಲಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲೆಯೇ ಅಕ್ಷರ ಮೂಡುತ್ತಿತ್ತು: 'ಎ' ಬಂದರೆ ಆಯಿಲ್ ಮಾತ್ರ, 'ಬಿ' ಬಂದರೆ ಆಯಿಲ್ ಜೊತೆಗೆ ಫಿಲ್ಟರ್. ಆ ಎಂಜಿನ್ನುಗಳು ಬೇಗ ಸತ್ತವೆಂಬ ಹೆಸರನ್ನೇನೂ ಪಡೆಯಲಿಲ್ಲ. ಹಾಗಾದರೆ ನಮ್ಮ ಗ್ಯಾರೇಜಿನವನು ಹೋಂಡಾ ಎಂಜಿನಿಯರನ ಮಾತನ್ನೇ ಹೇಳುತ್ತಿದ್ದಾನಲ್ಲವೇ?

ಇಲ್ಲ. ಎಂಜಿನಿಯರು ತನ್ನ ಎಂಜಿನ್ನು, ತನ್ನ ಫಿಲ್ಟರು, ಇಂಥದೇ ಆಯಿಲು ಎಂದು ಮೂರನ್ನೂ ಜೋಡಿಸಿ, ಓಡಿಸಿ ನೋಡಿ, ಎರಡನೇ ಸಲಕ್ಕೆ ಫಿಲ್ಟರ್ ಬದಲಿಸಲೇಬೇಕೆಂದು ಗೆರೆ ಎಳೆದಿದ್ದಾನೆ. ಗ್ಯಾರೇಜಿನಲ್ಲಿ ಗೆರೆಯೇ ಇಲ್ಲ. "ಹೋದ ಸಲ" ಎಂದರೆ ಯಾವ ಸಲ? ಮಧ್ಯೆ ಒಮ್ಮೆ ಬೇರೆ ಕಡೆ ಸರ್ವಿಸ್ ಆಗಿತ್ತೇ? ಫಿಲ್ಟರಿನ ತಗಡಿನ ಮೇಲೆ ಮಾರ್ಕರಿನಲ್ಲಿ ಕಿಲೋಮೀಟರ್ ಬರೆದಿಡುವ ಮೇಸ್ತ್ರಿಗಳೂ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಉಳಿದ ಕಡೆ ಒಂದು ಸಲ ಬಿಟ್ಟದ್ದು ಇನ್ನೊಂದು ಸಲಕ್ಕೂ ಬಿಟ್ಟು, ಅದು ಯಾವಾಗ ಹಾಕಿದ್ದೆಂದು ಯಾರಿಗೂ ನೆನಪಿರುವುದಿಲ್ಲ. ಈ ಪದ್ಧತಿಯ ನಿಜವಾದ ದೋಷ ಈ ಲೆಕ್ಕವಿಲ್ಲದಿರುವಿಕೆ.

ಲೆಕ್ಕ ತಪ್ಪಿದರೆ ಆಗುವುದೇನು? ಫಿಲ್ಟರ್ ಕಟ್ಟಿಕೊಂಡರೆ ಆಯಿಲ್ ನಿಂತು ಎಂಜಿನ್ ಸೀಜ್ ಆಗುತ್ತದೆ ಎಂದು ಹೆದರಿಸುವವರಿದ್ದಾರೆ. ಹಾಗೆ ಆಗದಿರಲೆಂದೇ ಫಿಲ್ಟರಿನೊಳಗೋ ಎಂಜಿನ್ನಿನಲ್ಲೋ ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಕಾಗದದ ಎರಡೂ ಬದಿಯ ಒತ್ತಡದ ಅಂತರ ಹೆಚ್ಚೂಕಡಿಮೆ ಒಂದು ಬಾರ್ ಮುಟ್ಟಿದರೆ ಅದು ತೆರೆದುಕೊಂಡು, ಸೋಸದ ಆಯಿಲನ್ನು ನೇರವಾಗಿ ಬೇರಿಂಗಿಗೆ ಬಿಡುತ್ತದೆ. ಆಯಿಲೇ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ವಾಸಿ ಎಂಬ ತರ್ಕ ಅದು. ಹಾಗಾಗಿ ಕಟ್ಟಿಕೊಂಡ ಫಿಲ್ಟರ್ ಯಾವ ಸದ್ದೂ ಮಾಡುವುದಿಲ್ಲ, ಆಯಿಲ್ ಲೈಟೂ ಹತ್ತುವುದಿಲ್ಲ. ಕಾರು ಎಂದಿನಂತೆ ಓಡುತ್ತದೆ, ಫಿಲ್ಟರ್ ಇದ್ದೂ ಇಲ್ಲದಂತೆ. ಸದ್ದು ಮಾಡುವುದು ಇನ್ನೊಂದು ಭಾಗ. ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ತಡೆಯಲು ಎಷ್ಟೋ ಫಿಲ್ಟರುಗಳಲ್ಲಿ ಒಂದು ರಬ್ಬರ್ ಬಿಲ್ಲೆ ಇರುತ್ತದೆ. ಅಗ್ಗದವುಗಳಲ್ಲಿ ಅದು ನೈಟ್ರೈಲ್, ಒಳ್ಳೆಯವುಗಳಲ್ಲಿ ಸಿಲಿಕೋನ್. ಬಿಸಿ ತಿಂದು ನೈಟ್ರೈಲ್ ಗಡುಸಾಯಿತೆಂದರೆ ರಾತ್ರಿಯಿಡೀ ಆಯಿಲ್ ಇಳಿದು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲ್ಭಾಗದಲ್ಲಿ ಒಂದೆರಡು ಕ್ಷಣ ಖಟಖಟ ಸದ್ದು. ಫಿಲ್ಟರನ್ನು ಅಡ್ಡಲಾಗಿ ಅಥವಾ ತಲೆಕೆಳಗಾಗಿ ಕೂರಿಸಿದ ಎಂಜಿನ್ನುಗಳಲ್ಲಿ ಇದು ಹೆಚ್ಚು.

ಹೋಂಡಾದ ಅಂಕಿ "ಸಾಧಾರಣ" ಓಡಾಟಕ್ಕೆ ಎಂಬುದನ್ನೂ ಮರೆಯಬಾರದು. ದೂಳು, ಗಳಿಗೆಗೊಮ್ಮೆ ನಿಂತು ಹೊರಡುವ ಟ್ರಾಫಿಕ್ಕು, ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಗಿಡ್ಡ ಓಡಾಟ, ಇವನ್ನು ಕಾರು ಕಂಪನಿಗಳು "ಕಠಿಣ" ಬಳಕೆ ಎಂದು ಬೇರೆ ಪಟ್ಟಿಗೆ ಸೇರಿಸಿ ಅವಧಿ ಮೊಟಕು ಮಾಡುತ್ತವೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ನಿಲ್ಲುವ ಕಾರು, ಬಳ್ಳಾರಿಯ ಗಣಿ ರಸ್ತೆಯ ಕೆಂಪು ದೂಳು ಕುಡಿಯುವ ಜೀಪು ಇವೆರಡೂ ಆ ಎರಡನೇ ಪಟ್ಟಿಯವೇ.

ಇನ್ನು ದುಡ್ಡಿನ ಮಾತು. ಐದು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿ, ಹತ್ತು ಸಾವಿರಕ್ಕೆ ಫಿಲ್ಟರ್ ಬದಲಿಸುವವರ ಎಂಜಿನ್ನಿಗೆ ಯಾವ ಕೇಡೂ ಇಲ್ಲ. ಇವತ್ತಿನ ಬಹುಪಾಲು ಪೆಟ್ರೋಲ್ ಕಾರುಗಳಿಗೆ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ ಎಂದೇ ಪುಸ್ತಕ ಹೇಳುತ್ತದೆ, ಫಿಲ್ಟರ್ ಅಷ್ಟು ತಡೆಯುತ್ತದೆ. ಆದರೆ ಆಯಿಲೂ ತಡೆಯುತ್ತದಲ್ಲ! ಲೀಟರಿಗೆ ಐನೂರು ರೂಪಾಯಿ ಎಂದು ಹಿಡಿದರೂ ಮೂರು ಲೀಟರಿಗೆ 1,500. ಎರಡು ಸಲ ಆಯಿಲ್, ಒಂದು ಫಿಲ್ಟರ್ ಸೇರಿ 3,150 ಆಯಿತು. ಪುಸ್ತಕ ಹೇಳಿದ ದರ್ಜೆಯ ಆಯಿಲ್ ಹಾಕಿಸಿ ಹತ್ತು ಸಾವಿರಕ್ಕೆ ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ 1,650. ಇನ್ನೂ ಚೆನ್ನಾಗಿದ್ದ ಆಯಿಲನ್ನು ಚೆಲ್ಲಿ, ಅಗ್ಗದ ಫಿಲ್ಟರನ್ನು ಉಳಿಸಿ, ನೂರೈವತ್ತು ಮಿಕ್ಕಿತು ಎಂದು ಸಮಾಧಾನಪಡುವ ಈ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸರ್ವಿಸ್ ಆಗುವ ಕಾರಿಗೆ ಎರಡು ಸರ್ವಿಸಿಗೂ ಒಂದೇ ಫಿಲ್ಟರ್ ಎಂದರಂತೂ ಇಪ್ಪತ್ತು ಸಾವಿರ ಕಿಲೋಮೀಟರ್, ಎರಡು ಬೇಸಿಗೆ. ಅದಕ್ಕೆ ಪುಸ್ತಕದ ಬೆಂಬಲವೂ ಇಲ್ಲ.

ಈ ಅಭ್ಯಾಸ ನಮ್ಮಲ್ಲಿ ಬೇರೂರಿದ್ದು ಬೈಕಿನಿಂದ ಇರಬಹುದೆಂದು ನನ್ನ ಊಹೆ. ಸ್ಪ್ಲೆಂಡರಿನಂಥ ನೂರು ಸಿಸಿ ಬೈಕುಗಳಲ್ಲಿ ಬದಲಿಸುವ ಕಾಗದದ ಫಿಲ್ಟರೇ ಇಲ್ಲ. ತಿರುಗುವ ರಭಸಕ್ಕೆ ಕೊಳೆಯನ್ನು ಅಂಚಿಗೆ ಎಸೆಯುವ ಒಂದು ಬಟ್ಟಲು, ಒಂದು ಲೋಹದ ಜಾಲರಿ, ಅಷ್ಟೇ. ಅವನ್ನು ತೊಳೆದು ಹಾಕುವುದೇ ಸರಿಯಾದ ಕ್ರಮ. ಆ ಕೈ ಕಾರಿಗೂ ಹಾಗೇ ಹೋಗುತ್ತದೆ. ಸ್ವಿಫ್ಟ್ ಡೀಸೆಲ್ಲಿನ 1.3 ಲೀಟರ್ ಎಂಜಿನ್ನಿನಲ್ಲಿ ಮುಚ್ಚಳ ಬಿಚ್ಚಿದರೆ ಕಾಗದದ ಫಿಲ್ಟರ್ ಕೈಗೇ ಬರುತ್ತದೆ, ಅದನ್ನು ಡೀಸೆಲ್ಲಿನಲ್ಲಿ ಅದ್ದಿ, ಕಂಪ್ರೆಸರಿನ ಗಾಳಿ ಹೊಡೆದು ವಾಪಸ್ ಹಾಕುವವರಿದ್ದಾರೆ. ಮುಟ್ಟದೆ ಬಿಟ್ಟಿದ್ದರೇ ಲೇಸು. ನಾರಿನೊಳಗೆ ಕೂತ ಕಣ ತೊಳೆದರೆ ಹೋಗುವುದಿಲ್ಲ, ಗಾಳಿಯ ರಭಸಕ್ಕೆ ಕಾಗದ ಎಲ್ಲೋ ಒಂದು ಕಡೆ ಸೀಳುತ್ತದೆ, ಸಡಿಲಾದ ಕೊಳೆ ಒಳಬದಿಗೆ ಬಂದರೆ ಅದರ ಮುಂದಿನ ನಿಲ್ದಾಣ ಬೇರಿಂಗೇ. ಉಳಿಸುವುದರಲ್ಲಿ ವಾದಕ್ಕೆ ಜಾಗವಿದೆ, ತೊಳೆಯುವುದರಲ್ಲಿ ಇಲ್ಲ.

ಹಳೇ ಫಿಲ್ಟರಿಗೆ ನಾನು ಪೂರ್ತಿ ಓಟು ಹಾಕುವ ಸಂದರ್ಭವೊಂದಿದೆ: ಹೊಸದೆಂದು ಕೈಗೆ ಬಂದದ್ದು ಡ್ಯೂಪ್ಲಿಕೇಟ್ ಆದಾಗ. ಬಣ್ಣದ ಡಬ್ಬಿಯೊಳಗೆ ಕಡಿಮೆ ಮಡಿಕೆಯ ಕಾಗದ, ನೆಟ್ಟಗೆ ಕೂರದ ವಾಲ್ವ್. ಅದಕ್ಕಿಂತ ಐದು ಸಾವಿರ ಓಡಿದ ಒರಿಜಿನಲ್ ನೂರು ಪಾಲು ವಾಸಿ.

ಇಷ್ಟಾದರೂ ಎರಡನೇ ಸಲಕ್ಕೆ ಉಳಿಸಿಕೊಳ್ಳುತ್ತೇನೆ ಎನ್ನುವವರು ಸಣ್ಣ ವಿಮಾನಗಳ ಮೆಕ್ಯಾನಿಕ್‌ಗಳಿಂದ ಒಂದು ಪಾಠ ಪಡೆಯಬಹುದು. ಲೈಕಮಿಂಗ್ ಎಂಜಿನ್ನುಗಳಿಗೆ ಕಾಗದದ ಫಿಲ್ಟರ್ ಇದ್ದರೆ 50 ಗಂಟೆಗೊಮ್ಮೆ, ಬರೀ ಜಾಲರಿ ಇದ್ದರೆ 25 ಗಂಟೆಗೊಮ್ಮೆ ಆಯಿಲ್ ಬದಲು. ಬಿಚ್ಚಿದ ಫಿಲ್ಟರನ್ನು ಅವರು ಎಸೆಯುವುದಿಲ್ಲ. ಡಬ್ಬಿ ಕೊಯ್ದು, ಕಾಗದದ ಮಡಿಕೆ ಬಿಡಿಸಿ, ಲೋಹದ ಮಿನುಗು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಕಾರಿನ ಮೊದಲ ಫಿಲ್ಟರನ್ನು ಹತ್ತು ಸಾವಿರಕ್ಕೆ ಬಿಚ್ಚಿದಾಗ ಗುಜರಿಗೆ ಹಾಕುವ ಮುಂಚೆ ಒಮ್ಮೆ ಹಾಗೆ ಕೊಯ್ಯಿಸಿ ನೋಡಿ. ಮಡಿಕೆಗಳು ನೆಟ್ಟಗಿದ್ದು, ಬರೀ ಕಪ್ಪಗಿದ್ದು, ಬೆರಳಿಗೆ ಮರಳು ತಾಕದಿದ್ದರೆ, ರಬ್ಬರ್ ಬಿಲ್ಲೆ ಇನ್ನೂ ಮೆತ್ತಗೆ ಬಾಗುತ್ತಿದ್ದರೆ, ನಿಮ್ಮ ರಸ್ತೆಗೆ ನಿಮ್ಮ ಎಂಜಿನ್ನಿಗೆ ಆ ಫಿಲ್ಟರ್ ಎಷ್ಟು ತಡೆಯುತ್ತದೆಂದು ಮಾತಾಡಲು ಒಂದು ಆಧಾರವಾದರೂ ಸಿಕ್ಕಂತಾಯಿತು.