ಚಾಟ್ನಿ ಡೈರಿ, ತಾಯಿ ಕಾರ್ಡು

ವಿಜಯಪುರ ಜಿಲ್ಲೆಯ ನಮ್ಮ ಕನಮಡಿ ಸೀಮೆಯಲ್ಲಿ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ನಸುಕಿನಲ್ಲೇ ಬಚ್ಚಲ ಹಂಡೆಯ ಕೆಳಗೆ ಉರಿ ಎದ್ದಿರುತ್ತದೆ. ಬಿಸಿಲೇರುವ ಹೊತ್ತಿಗೆ ಲೋಬಾನದ ಹೊಗೆ ಓಣಿಗೆ ಬಂದಿರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತ, ಕೊಡಗಳನ್ನು ಸಾಲಿಗಿಟ್ಟು ಬದುಕಿದ ಮಂದಿ ಇವರು. ಆದರೂ ಬಾಣಂತಿಗೆ, ಕೂಸಿಗೆ ಎರೆಯುವ ನೀರನ್ನು ಯಾರೂ ಅಳೆದು ಕೊಟ್ಟದ್ದನ್ನು ನಾನು ಕಂಡಿಲ್ಲ. ಬಾಣಂತನ ಎಂಬ ಪದ್ಧತಿಯನ್ನು ಅಳೆಯಲು ಕೂತವರು ಮೊದಲು ಈ ಔದಾರ್ಯವನ್ನು ಲೆಕ್ಕಕ್ಕೆ ಹಿಡಿಯಬೇಕು. ಹಡೆದವಳು ನಲವತ್ತು ದಿನ ಒಲೆಯ ಮುಂದೆ ಕೂಡಬಾರದು, ನೀರು ಹೊರಬಾರದು, ಹೊಲಕ್ಕೆ ಹೋಗಬಾರದು ಎಂದು ನಮ್ಮ ಆಯಿಗಳು ಯಾವ ಕಾಯ್ದೆಯ ಬಲವೂ ಇಲ್ಲದೆ ನಡೆಸಿಕೊಂಡು ಬಂದರು.

ಈಗ ಬಾಣಂತಿಯ ಕೋಣೆಗೆ ಇನ್ನೊಂದು ಪದ್ಧತಿಯೂ ಬರುತ್ತದೆ. ಕೈಯಲ್ಲಿ ಚೀಲ, ಚೀಲದಲ್ಲಿ ತಕ್ಕಡಿ, ಥರ್ಮಾಮೀಟರು, ಗಡಿಯಾರ ಹಿಡಿದ ಆಶಾ ಕಾರ್ಯಕರ್ತೆಯ ರೂಪದಲ್ಲಿ. ಅವಳದೂ ಹೆಚ್ಚುಕಡಿಮೆ ಅಷ್ಟೇ ದಿನಗಳ ಲೆಕ್ಕ, 42. ಚೊಚ್ಚಲ ತಾಯಿ ಈ ಎರಡರ ನಡುವೆ ಕೂತಿರುತ್ತಾಳೆ. ಆಯಿ ಒಂದು ಹೇಳುತ್ತಾಳೆ, ಆಶಾ ಅಕ್ಕ ಇನ್ನೊಂದು ಹೇಳುತ್ತಾಳೆ, ಮೊಬೈಲು ಮೂರನೆಯದನ್ನು ಹೇಳುತ್ತದೆ. ಯಾರ ಮಾತು ಎಲ್ಲಿಯವರೆಗೆ ಸರಿ ಎಂದು ಕೂತು ಬಿಡಿಸುವವರು ಕಡಿಮೆ.

ಐದನೆಯ ದಿನದಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಅಂದು ಐದೇಶಿ. ರಾತ್ರಿ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ತಲೆದಿಂಬಿನ ಬಳಿ ಹಾಳೆ, ಪೆನ್ನು ಇಡುತ್ತಾರೆ. ಹೆಸರಿಡುವುದು, ತೊಟ್ಟಿಲಿಗೆ ಹಾಕುವುದು ಹನ್ನೆರಡು-ಹದಿಮೂರು ದಿನ ಕಳೆದ ಮೇಲೆ. ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಲು ನನಗೆ ಮನಸ್ಸಿಲ್ಲ. ಹುಟ್ಟಿದ ಮೊದಲ ತಿಂಗಳಲ್ಲಿ ಸಾಯುವ ಕೂಸುಗಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಸಾಯುತ್ತವೆ ಎಂದು ಈಗಿನ ಆರೋಗ್ಯ ಲೆಕ್ಕ ಹೇಳುತ್ತದೆ. ಆ ಲೆಕ್ಕವನ್ನು ನಮ್ಮ ಹಿಂದಿನವರು ಕುಣಿ ತೋಡಿಯೇ ಕಲಿತಿದ್ದರು. ಹೆಸರಿಡಲು ಆತುರಪಡದ ಈ ಪದ್ಧತಿಯ ಬುಡದಲ್ಲಿ ಇರುವುದು ಆ ಭಯ. ಭಯ ಸರಿಯಾಗಿತ್ತು, ಎಚ್ಚರವೂ ಸರಿಯಾಗಿತ್ತು. ಎಚ್ಚರವಿದ್ದು ಏನನ್ನು ನೋಡಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಶೆಟಿಗೆವ್ವನ ಹಾಳೆ ಬೆಳಗಾದರೂ ಖಾಲಿ ಇರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಅದೇ ದಿಂಬಿನ ಕೆಳಗಿರುವ, ಸರ್ಕಾರ ಕೊಟ್ಟ ತಾಯಿ ಕಾರ್ಡಿನಲ್ಲಿ ಕೂಸಿನ ತೂಕದ ಕಾಲಂ ಕೂಡ ಖಾಲಿ ಇರುವುದೇ ನನ್ನ ತಕರಾರು.

ಇನ್ನು ಎರೆಯುವುದು. ಬಾಣಂತನದ ಕಲೆಯೆಂದರೆ ಇದೇ. ಆಯಿ ಎರಡೂ ಕಾಲು ಚಾಚಿ ಮಣೆಯ ಮೇಲೆ ಕೂಡುತ್ತಾಳೆ. ಕಾಲುಗಳ ನಡುವಿನ ತಗ್ಗೇ ಕೂಸಿನ ತೊಟ್ಟಿಲಾಗುತ್ತದೆ. ನೆತ್ತಿಗೆ ಹರಳೆಣ್ಣೆ, ಮೈಗೆ ಕೊಬ್ಬರಿ ಎಣ್ಣೆ, ಕಡಲೆ ಹಿಟ್ಟು, ಮೇಲೆ ತಂಬಿಗೆಯಿಂದ ಬಿಸಿ ನೀರು. ಮುಗಿದ ಮೇಲೆ ಕೂಸು ತಾಸುಗಟ್ಟಲೆ ಮಲಗುತ್ತದೆ. ಮೆಲ್ಲಗೆ ಎಣ್ಣೆ ಸವರುವುದರಿಂದ ಕೂಸಿಗೆ ಹಿತವಿದೆ, ಮುಟ್ಟುವ ಕೈಯ ಪರಿಚಯವಾಗುತ್ತದೆ. ಇದನ್ನು ಯಾವ ಮಕ್ಕಳ ಡಾಕ್ಟರೂ ಬೇಡವೆನ್ನುವುದಿಲ್ಲ. ತಕರಾರು ಬರುವುದು ಕಲೆ ಹಟಕ್ಕೆ ಬಿದ್ದಾಗ. ಮೂಗು ನೆಟ್ಟಗಾಗಲೆಂದು ಹಿಂಡುವುದು, ತಲೆ ದುಂಡಗಾಗಲೆಂದು ಒತ್ತುವುದು, ಮೂಗು-ಕಿವಿಯಲ್ಲಿ ಎಣ್ಣೆ ಬಿಟ್ಟು ಬಾಯಿಂದ ಊದುವುದು, ಇವು ಒಂದೂ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆದೀತು. ತಲೆಯ ಆಕಾರ ತಾನಾಗಿಯೇ ತಿಂಗಳುಗಳಲ್ಲಿ ಸರಿಹೋಗುತ್ತದೆ. ಮೂಗು ಅಪ್ಪನದೋ ಅವ್ವನದೋ ಆಗುತ್ತದೆ, ಆಯಿಯ ಬೆರಳಿನದಾಗುವುದಿಲ್ಲ.

ಮೊದಲ ಸಲ ಎರೆಯುವುದು ಯಾವಾಗ ಎಂಬುದರಲ್ಲೂ ತಕರಾರಿದೆ. ಹುಟ್ಟಿದ ಕೂಡಲೇ ತೊಳೆದು ಚೊಕ್ಕ ಮಾಡಬೇಕೆಂಬ ಹಳೆಯ ಅವಸರ ಇನ್ನೂ ಪೂರ್ತಿ ಹೋಗಿಲ್ಲ. ಕನಿಷ್ಠ 24 ತಾಸು ಸ್ನಾನ ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಣ ಬಟ್ಟೆಯಿಂದ ಒರೆಸಿ ತಾಯಿಯ ಎದೆಗೆ ಹಾಕಿದರೆ ಸಾಕು. ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಕೂಸಿಗಂತೂ ತೂಕ ಏರುವವರೆಗೆ ಒರೆಸುವುದೇ ಸ್ನಾನ. ಹೊಕ್ಕಳಿಗೆ ಅರಿಶಿಣ, ಬೂದಿ, ಎಣ್ಣೆ, ಯಾವುದೂ ಬೇಡ. ಒಣಗಿದ್ದರೆ ತಾನೇ ಉದುರುತ್ತದೆ.

ಬೆಚ್ಚಗಿಡುವ ವಿಷಯದಲ್ಲಿ ಆಯಿಗೆ ನೂರಕ್ಕೆ ತೊಂಬತ್ತು ಅಂಕ ಕೊಡುತ್ತೇನೆ. ಹಳೆಯ ಸೀರೆಗಳ ಕೌದಿಗಿಂತ ಮೆತ್ತನೆಯ, ತೊಳೆದು ತೊಳೆದು ಹದವಾದ ಬಟ್ಟೆ ಯಾವ ಅಂಗಡಿಯಲ್ಲೂ ಸಿಗದು. ತಲೆ, ಕಿವಿ, ಬೆನ್ನು ಒಟ್ಟಿಗೆ ಮುಚ್ಚುವ ಕುಂಚಿಗೆ ಅಂಥದೇ ಜಾಣ ಉಡುಪು. ಕೂಸು ತಲೆಯಿಂದಲೇ ಹೆಚ್ಚು ಕಾವು ಕಳೆದುಕೊಳ್ಳುತ್ತದೆ ಎಂಬುದನ್ನು ಹೊಲಿದವರು ಬಲ್ಲವರಾಗಿದ್ದರು. ರಾಜ್ಯ ಸರ್ಕಾರ 2007ರಲ್ಲಿ ಬಡ ತಾಯಂದಿರಿಗೆಂದು ತಂದ ಮಡಿಲು ಕಿಟ್‌ನಲ್ಲಿ 19 ಸಾಮಾನುಗಳಿದ್ದವು. ಸೊಳ್ಳೆ ಪರದೆಯೇನೋ ನಮಗೆ ಬೇಕೇ ಇತ್ತು. ಹೊದಿಕೆಯ ಮಟ್ಟಿಗೆ ನಮ್ಮ ಮನೆಗಳು ಸರ್ಕಾರಕ್ಕೇ ಕಲಿಸಬಹುದಿತ್ತು.

ಕಳೆದ ಹತ್ತು ಅಂಕ ಅಗ್ಗಿಷ್ಟಿಕೆಗೆ. ಹೊರಸಿನ ಕೆಳಗೆ ಕೆಂಡ, ಮೇಲೆ ಲೋಬಾನ, ಗಾಳಿ ಬಡಿದೀತೆಂದು ಕಿಟಕಿ-ಬಾಗಿಲು ಬಂದ್. ಇದ್ದಿಲಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ತಾಯಿ-ಕೂಸನ್ನು ಒಟ್ಟಿಗೆ ತೆಗೆದುಕೊಂಡು ಹೋದೀತು. ಇನ್ನೊಂದು ದೋಷ, ಕಾಲ ನೋಡದಿರುವುದು. ಡಿಸೆಂಬರ್-ಜನವರಿಯಲ್ಲಿ ವಿಜಯಪುರ ರಾಜ್ಯದ ತೀರ ತಣ್ಣನೆಯ ಜಿಲ್ಲೆಗಳ ಸಾಲಿನಲ್ಲಿ ನಿಲ್ಲುತ್ತದೆ, ಆಗ ಮೂರು ಪದರ ಹೊದಿಸಿದರೂ ತಪ್ಪಿಲ್ಲ. ಏಪ್ರಿಲ್-ಮೇಯಲ್ಲಿ ಬಿಸಿಲು 40 ಡಿಗ್ರಿ ದಾಟುವಾಗಲೂ ಅದೇ ಮೂರು ಪದರ ಸುತ್ತಿದರೆ ಕೂಸಿನ ಮೈ ಸುಡುತ್ತದೆ. ಮನೆಯವರು ಅದನ್ನು ಜ್ವರವೆಂದು ತಿಳಿದು ಇನ್ನೊಂದು ಕೌದಿ ಎಳೆಯುತ್ತಾರೆ. ಆ ಬಿಸಿಲಲ್ಲೇ ಬಾಣಂತಿಗೆ ನೀರು ಕುಡಿಸಿದರೆ ಹೊಟ್ಟೆ ಬರುತ್ತದೆಂದು ಗುಟುಕು ಲೆಕ್ಕ ಹಾಕುವುದೂ ಉಂಟು. ಎರೆಯುವ ನೀರಿಗೆ ಲೆಕ್ಕವಿಲ್ಲ, ಕುಡಿಯುವ ನೀರಿಗೆ ಲೆಕ್ಕ! ಹಾಲು ಯಾವುದರಿಂದ ಆಗಬೇಕು?

ಬೆಚ್ಚಗಿದೆಯೋ ಇಲ್ಲವೋ ತಿಳಿಯಲು ಸರಳ ಪರೀಕ್ಷೆ ಇದೆ. ಅಂಗೈಯ ಹಿಂಬದಿಯಿಂದ ಕೂಸಿನ ಹೊಟ್ಟೆ, ಅಂಗಾಲು ಎರಡನ್ನೂ ಮುಟ್ಟಬೇಕು. ಎರಡೂ ಬೆಚ್ಚಗಿದ್ದರೆ ಚಿಂತೆಯಿಲ್ಲ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಚಳಿ ಹತ್ತಿದೆ. ಎರಡೂ ತಣ್ಣಗಿದ್ದರೆ ತಡಮಾಡದೆ ಆಸ್ಪತ್ರೆ. ದಾರಿಯುದ್ದಕ್ಕೂ ಕೂಸು ದೊಡ್ಡವರ ಬರಿ ಎದೆಗೆ ಅಂಟಿಕೊಂಡಿರಬೇಕು, ಮೇಲೆ ಕೌದಿ. ಈ ಎದೆಗಪ್ಪುವಿಕೆಗೆ ಕಾಂಗರೂ ಆರೈಕೆ ಎಂಬ ಹೆಸರು ಬಂದಿದೆ. ಕೊಲಂಬಿಯಾದ ಬೊಗೋಟದಲ್ಲಿ 1978ರಲ್ಲಿ ಶುರುವಾದದ್ದು. ದೂರದ ಮಾತು ಅನ್ನಿಸಿದರೆ ಕೊಪ್ಪಳಕ್ಕೆ ಬನ್ನಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕೆಎಚ್‌ಪಿಟಿ ಎಂಬ ಸ್ವಯಂಸೇವಾ ಸಂಸ್ಥೆ, ಸರ್ಕಾರಿ ವ್ಯವಸ್ಥೆಯ ಜೊತೆ ಸೇರಿ, ಕಡಿಮೆ ತೂಕದ ಕೂಸುಗಳಿಗೆ ಇದನ್ನು ಆಸ್ಪತ್ರೆಯಲ್ಲೂ ಹಳ್ಳಿಯ ಮನೆಯಲ್ಲೂ ನಡೆಸಬಹುದೆಂದು ಅಲ್ಲಿ ತೋರಿಸಿಕೊಟ್ಟವು. ಹೀಗೆ ಅಪ್ಪಿಕೊಳ್ಳುವ ಎದೆ ಅವ್ವನದೇ ಆಗಬೇಕೆಂದಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಹಾಲಿನ ಬಗ್ಗೆ ಬಹಳ ಬರೆಯಲಾರೆ, ಎಲ್ಲರೂ ಬರೆದಿದ್ದಾರೆ. ಆಕಳು ಈದರೆ ಗಿಣ್ಣಕ್ಕಾಗಿ ನೆಂಟರ ಮನೆಗೆ ತಟ್ಟೆ ಹಿಡಿದು ಹೋಗುವ ನಾವು, ಹೆತ್ತವಳ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿದ್ದೆವು. ಈಗ ಅದು ಕಡಿಮೆಯಾಗಿದೆ. ಜೇನು, ಸಕ್ಕರೆ ನೀರು, ಗುಟ್ಟಿ ನೆಕ್ಕಿಸುವುದು ಮಾತ್ರ ಹೋಗಿಲ್ಲ. ಆರು ತಿಂಗಳು ಎದೆಹಾಲು ಬಿಟ್ಟು ಒಂದು ಹನಿ ನೀರೂ ಬೇಡ, ವಿಜಯಪುರದ ಮೇ ತಿಂಗಳಲ್ಲೂ ಬೇಡ. ಚೊಚ್ಚಲ ತಾಯಿ ಸೋಲುವುದು ಬೇರೆ ಕಡೆ. ಮೂರನೆಯ ದಿನ ಯಾರೋ ಬಂದು, "ಹಾಲ ಸಾಲೂದಿಲ್ಲ ಕಾಣ್ತದ ಬೇ, ಕೂಸು ಹೆಂಗ ಅಳ್ತದ ನೋಡು" ಅನ್ನುತ್ತಾರೆ. ಸಂಜೆಗೆ ಬಾಟಲಿ ಬರುತ್ತದೆ. ಮೊದಲ ದಿನಗಳಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳುತ್ತದೆ. ವಾರ ತುಂಬಿದ ಮೇಲೆ ದಿನಕ್ಕೆ ಆರು ಸಲವೋ ಹೆಚ್ಚೋ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ. ಅಳುವಿನಿಂದ ಹಾಲನ್ನು ಅಳೆಯಬಾರದು.

ಹಾಗಾದರೆ ಆಶಾ ಅಕ್ಕನ ಚೀಲಕ್ಕೆ ಎಷ್ಟು ಅಂಕ? ಚೀಲದ ಮೂಲ ನಮ್ಮ ನೆರೆಯ ಮಹಾರಾಷ್ಟ್ರದ ಗಡ್ಚಿರೋಲಿ. ಅಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸಿದರು. ಸಾವಿರಕ್ಕೆ 62ರಷ್ಟಿದ್ದ ನವಜಾತ ಮರಣ ಮೂರೇ ವರ್ಷಗಳಲ್ಲಿ 25ರ ಆಸುಪಾಸಿಗೆ ಇಳಿಯಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ಕೇಂದ್ರ ಸರ್ಕಾರ ಇದೇ ಪದ್ಧತಿಯನ್ನು ಆಶಾ ಕಾರ್ಯಕರ್ತೆಯರ ಮೂಲಕ ದೇಶಕ್ಕೆಲ್ಲ ತಂದಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಆರು ಭೇಟಿ: 3, 7, 14, 21, 28, 42ನೇ ದಿನ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆಂದು 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂದಮೇಲೆ ಅಪಾಯ ಕಾದು ಕೂತಿರುವುದು ಆಸ್ಪತ್ರೆಯ ನಗು-ಮಗು ಗಾಡಿ ತಾಯಿಯನ್ನು ಬಾಗಿಲಿಗೆ ಬಿಟ್ಟು ಹೋದ ಮೇಲೆ. ಆ ಆರು ಭೇಟಿಗಳಿಗೆಲ್ಲ ಸೇರಿ ಆಶಾ ಅಕ್ಕನಿಗೆ ಗೊತ್ತುಮಾಡಿದ್ದು 250 ರೂಪಾಯಿ.

ಯೋಜನೆಯ ವಿಚಾರ ಚಿನ್ನ. ಉಸಿರು ನಿಮಿಷಕ್ಕೆ 60 ದಾಟಿದೆಯೇ ಎಂದು ಎಣಿಸುವುದು, ಪಕ್ಕೆ ಒಳಗೆಳೆಯುತ್ತದೆಯೇ ನೋಡುವುದು, ಚೆನ್ನಾಗಿ ಚೀಪುತ್ತಿದ್ದ ಕೂಸು ಚೀಪುವುದನ್ನು ಬಿಟ್ಟಿತೇ ಎಂದು ಕೇಳುವುದು, ಅಂಗೈ-ಅಂಗಾಲಿಗೆ ಹಳದಿ ಇಳಿದಿದೆಯೇ ಎಂದು ಬೆಳಕಿಗೆ ಹಿಡಿಯುವುದು, ಇವು ಆಯಿಯ ಶಾಸ್ತ್ರದಲ್ಲಿ ಇರಲಿಲ್ಲ. ಅವಳು ಕಾಮಣಿಗೆ ದಾರ ಕಟ್ಟಿಸುತ್ತಿದ್ದಳು, ಎಳೆ ಬಿಸಿಲಿಗೆ ಮಲಗಿಸುತ್ತಿದ್ದಳು, ಹೊಟ್ಟೆ ಉಬ್ಬಿದರೆ ಚುಟಿಗೆ ಹಾಕಿಸುತ್ತಿದ್ದಳು. ಚುಟಿಗೆಯ ಬಗ್ಗೆ ವಿಮರ್ಶೆಯ ಮೃದುತನ ನನ್ನಲ್ಲಿಲ್ಲ. ಅದು ಕೂಸನ್ನು ಸುಡುವುದು, ಅಷ್ಟೇ. ಹಳದಿ ಅಂಗಾಲಿಗೆ ಇಳಿದರೆ ಬೇಕಾದದ್ದು ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆ.

ಯೋಜನೆ ಸೋಲುವುದು ತವರಿನ ದಾರಿಯಲ್ಲಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಕುಬಸ ಮಾಡಿ ಹುಡುಗಿಯನ್ನು ಕರೆದೊಯ್ಯುತ್ತಾರೆ. ಅಲ್ಲಿಯವರೆಗೆ ಅವಳನ್ನು ಕಂಡ ಆಶಾ ಒಬ್ಬಳು, ಹಡೆದ ಮೇಲೆ ಕಾಣಬೇಕಾದವಳು ಇನ್ನೊಬ್ಬಳು. ಕನಮಡಿ ಗಡಿಯ ಊರು. ಆಚೆಗೆ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು, ಅಲ್ಲಿಯೂ ಕನ್ನಡದ ಊರುಗಳೇ, ಕೊಟ್ಟು ತಂದ ಸಂಬಂಧಗಳೇ. ತವರು ಆಚೆಗಿದ್ದರೆ ರಾಜ್ಯವೇ ಬೇರೆ, ಕಾರ್ಡಿನ ಭಾಷೆಯೂ ಬೇರೆ. ಈಚೆಯ ಆಶಾ "ಅಕಿ ತವರಿಗೆ ಹ್ವಾದ್ಲು" ಎಂದು ಬರೆದು ಮುಚ್ಚುತ್ತಾಳೆ, ಆಚೆಯವಳಿಗೆ ಸುದ್ದಿ ತಲುಪುವ ಹೊತ್ತಿಗೆ ಹದಿನಾಲ್ಕನೇ ದಿನ ಕಳೆದಿರುತ್ತದೆ. ಬಂದವಳನ್ನೂ ಪುರುಡಿನ ನೆಪದಲ್ಲಿ ಹೊಸ್ತಿಲಾಚೆಯೇ ಕೂರಿಸಿ ಚಹಾ ಕೊಟ್ಟು ಕಳಿಸುವ ಮನೆಗಳಿವೆ. ತಕ್ಕಡಿ ಚೀಲದಲ್ಲೇ ಉಳಿಯುತ್ತದೆ.

ಈ ಎರಡು ಊರುಗಳ ನಡುವೆ ಓಡಾಡಬಲ್ಲವನು ಒಬ್ಬನಿದ್ದಾನೆ. ಎರಡೂ ಪದ್ಧತಿ ಅವನನ್ನು ಬಿಟ್ಟಿವೆ. ಆಯಿಯ ಬಾಣಂತನದಲ್ಲಿ ಗಂಡ ಅತಿಥಿ. ತೊಟ್ಟಿಲ ದಿನ ಹೊಸ ಬಟ್ಟೆ ತೊಟ್ಟು ಬಂದು, ಉಂಡು, ಕೂಸಿನ ಮುಖ ನೋಡಿ ಸಂಜೆ ಬಸ್ಸಿಗೆ ಹೋಗುವವನು. ಸರ್ಕಾರದ ಕಾರ್ಡಿನಲ್ಲಿ ಅವನದು ಹೆಸರು ಬರೆಯುವ ಒಂದು ಸಾಲು.

ಈ ಸೀಮೆಯ ಗಂಡಸಿಗೆ ದಿನ ಎಣಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ತಿಕೋಟಾ ಭಾಗ ದ್ರಾಕ್ಷಿ ಬೆಳೆಯುವ ನೆಲ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್ ಸುಮಾರಿಗೆ ಇನ್ನೊಂದು. ಚಾಟ್ನಿಯಾದ ದಿನದಿಂದ ಲೆಕ್ಕ ಶುರು. ಎಷ್ಟನೇ ದಿನಕ್ಕೆ ಕಣ್ಣು ಒಡೆಯಿತು, ಎಷ್ಟನೇ ದಿನಕ್ಕೆ ಯಾವ ಔಷಧ ಹೊಡೆಯಬೇಕು, ಎಂದು ಮಂಜು ಬಿತ್ತು, ಎಲ್ಲ ಡೈರಿಯಲ್ಲಿ ಬರೆದಿರುತ್ತಾನೆ. ಎಲೆಯ ಮೇಲೆ ಎಣ್ಣೆಯ ಕಲೆಯಂಥ ಚುಕ್ಕೆ ಕಂಡರೆ ನಡುರಾತ್ರಿ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುತ್ತಾನೆ. ಅಂಥವನ ಕಣ್ಣಿಗೆ ಕೂಸಿನ ಅಂಗಾಲಿನ ಹಳದಿ ಬೀಳದೆಂದು ನಾನು ನಂಬಲಾರೆ. ನೋಡಲು ಯಾರೂ ಕರೆದಿಲ್ಲ, ಅಷ್ಟೇ.

ಆದ್ದರಿಂದ ಚೊಚ್ಚಲ ತಂದೆಯಾಗುವವರಲ್ಲಿ ಒಂದು ವಿನಂತಿ. ಕುಬಸದ ದಿನವೇ ತಾಯಿ ಕಾರ್ಡು ಕೈಗೆತ್ತಿಕೊಂಡು ಓದಿ. ತವರೂರಿನ ಆಶಾ ಕಾರ್ಯಕರ್ತೆಯ ನಂಬರು ಫೋನಿನಲ್ಲಿರಲಿ. ಕೂಸು ಹುಟ್ಟಿದ ತಾಸಿನಲ್ಲಿ ಮಾವನವರಿಗೆ ಹೇಳಿದ ಹಾಗೆ ಅವರಿಗೂ ಹೇಳಿ. ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಹಾಕಿದ್ದಾರೆಯೇ ಎಂದು ಆಸ್ಪತ್ರೆ ಬಿಡುವ ಮುಂಚೆ ಕೇಳಿ. ರಾತ್ರಿ 108 ಬರುವುದು ತಡವಾದರೆ ಯಾರ ಗಾಡಿ ಎಂದು ಮೊದಲೇ ಮಾತಾಡಿಕೊಳ್ಳಿ. ತೊಟ್ಟಿಲ ದಿನಕ್ಕೆ ಕಾಯದೆ ಮೂರನೇ ದಿನವೇ ಹೋಗಿ, ಅಂಗಿ ಬಿಚ್ಚಿ ಕೂಸನ್ನು ಎದೆಗೆ ಹಾಕಿಕೊಳ್ಳಿ. ಆಯಿ ನಕ್ಕರೆ ನಗಲಿ. ಚಾಟ್ನಿ ಡೈರಿಯ ಕೊನೆಯ ಪುಟ ಹೇಗೂ ಖಾಲಿ ಇರುತ್ತದೆ. ಅಲ್ಲಿ ಕೂಸು ಹುಟ್ಟಿದ ತಾರೀಖು ಬರೆದು, ಕೆಳಗೆ ಬರೆಯಿರಿ: 3, 7, 14, 21, 28, 42.