ಮನೋರೋಗದ ಔಷಧಪರೀಕ್ಷೆಯಲ್ಲಿ ರೋಗಿಯ ಭಾಷೆ

ಹೊಸ ಔಷಧವೊಂದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವುದಕ್ಕೆ ನಿಯಮಗಳು ಇರಬೇಕೆಂಬ ವಿಷಯದಲ್ಲಿ ಇಂದು ಭಿನ್ನಾಭಿಪ್ರಾಯವಿಲ್ಲ. 1947ರ ನ್ಯೂರೆಂಬರ್ಗ್ ಸಂಹಿತೆಯಿಂದ 1964ರ ಹೆಲ್ಸಿಂಕಿ ಘೋಷಣೆಗೆ, ಅಲ್ಲಿಂದ ನಮ್ಮ ದೇಶದ 2019ರ ಹೊಸ ಔಷಧಗಳ ಮತ್ತು ಚಿಕಿತ್ಸಾಪ್ರಯೋಗಗಳ ನಿಯಮಗಳಿಗೆ ಈ ವಿಚಾರವು ಕ್ರಮವಾಗಿ ಬೆಳೆದುಬಂದಿದೆ. ಆದರೆ ಮನೋರೋಗದ ಔಷಧಗಳ ಪರೀಕ್ಷೆಯು ಉಳಿದವುಗಳಂತಲ್ಲ. ರಕ್ತದ ಒತ್ತಡ ಇಳಿಯಿತೇ ಎಂಬುದನ್ನು ಯಂತ್ರ ಹೇಳುತ್ತದೆ. ಮನಸ್ಸಿನ ಕ್ಲೇಶ ಇಳಿಯಿತೇ ಎಂಬುದನ್ನು ರೋಗಿಯ ನಡೆನುಡಿಗಳೇ ಹೇಳಬೇಕು. ಪರೀಕ್ಷೆಗೆ ಸಮ್ಮತಿ ದೊರೆಯುವುದೂ ಮಾತಿನಿಂದಲೇ. ಹೀಗೆ ರೋಗಿಯ ಮಾತು ಇಲ್ಲಿ ಅನುಮತಿಯೂ ಹೌದು, ಅಳತೆಗೋಲೂ ಹೌದು. ಈ ವಿಶೇಷವನ್ನು ನಮ್ಮ ನಿಯಮಗಳು ಎಷ್ಟರಮಟ್ಟಿಗೆ ಗುರುತಿಸಿವೆ, ನುಡಿಯ ನಾಡನ್ನು ಬಿಟ್ಟುಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮಗೆ ಅದು ಏಕೆ ಮುಖ್ಯ ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪರೀಕ್ಷೆಯೇ ಬೇಡವೆಂಬ ಪಕ್ಷ ನಮ್ಮದಲ್ಲ. ಪರೀಕ್ಷೆಯಿಲ್ಲದೆ ಔಷಧದ ಗುಣ ತಿಳಿಯುವುದು ಎಷ್ಟು ಕಷ್ಟವೆಂಬುದಕ್ಕೆ ಸರ್ಪಗಂಧದ ಚರಿತ್ರೆಯೇ ಸಾಕ್ಷಿ. ನಮ್ಮ ನಾಟಿವೈದ್ಯರಿಗೆ ಹಿಂದಿನಿಂದಲೂ ಪರಿಚಿತವಾದ ಈ ಬೇರನ್ನು ಕುರಿತು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಇದು ಮದ್ದೆಂದು ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ರಕ್ತದ ಒತ್ತಡದ ಮೇಲೆ ಅದರ ಪರಿಣಾಮವನ್ನು ಬ್ರಿಟಿಷ್ ಹೃದಯವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಸಂಸ್ಥೆಯವರು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಮನೋರೋಗಿಗಳಲ್ಲಿ ಅದರ ಬಳಕೆಯನ್ನು ವರದಿ ಮಾಡಿದರು. ಇತ್ತ ರಕ್ತದ ಒತ್ತಡಕ್ಕೆಂದು ಅದನ್ನು ಸೇವಿಸಿದವರಲ್ಲಿ ಕೆಲವರಿಗೆ ಖಿನ್ನತೆ ಆವರಿಸಿತೆಂಬ ವರದಿಗಳು ಬಂದವು. ಅತ್ತ 1955ರಲ್ಲಿ ಲಂಡನ್ನಿನ ಡೇವಿಸ್ ಮತ್ತು ಶೆಪರ್ಡ್ ಎಂಬ ವೈದ್ಯರು ಮದ್ದಿಲ್ಲದ ಹುಸಿಗುಳಿಗೆಯೊಡನೆ ಹೋಲಿಸಿ ನೋಡಲು, ಆತಂಕ ಮತ್ತು ಖಿನ್ನತೆಗಳಿಂದ ಬಳಲುವವರಿಗೆ ಅದೇ ಔಷಧದಿಂದ ಉಪಶಮನ ಕಂಡಿತು. ಒಂದೇ ಮದ್ದಿನ ಬಗೆಗೆ ಹೀಗೆ ಪರಸ್ಪರ ವಿರುದ್ಧವಾದ ಸಾಕ್ಷ್ಯಗಳು ಹುಟ್ಟುವಲ್ಲಿ, ವೈದ್ಯನೊಬ್ಬನ ಅನುಭವವನ್ನು ಮಾತ್ರ ನೆಚ್ಚಿ ಕುಳಿತುಕೊಳ್ಳುವಂತಿಲ್ಲ.

ಆದರೆ ಹುಸಿಗುಳಿಗೆಯ ಹೋಲಿಕೆಗೆ ತೆರಬೇಕಾದ ಬೆಲೆಯೂ ಉಂಟು. 2005ರಲ್ಲಿ ಬ್ರಿಟಿಷ್ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಬಹುದು. ತೀವ್ರ ಉನ್ಮಾದದಿಂದ ಬಳಲುತ್ತಿದ್ದ 290 ಮಂದಿ ಭಾರತೀಯ ರೋಗಿಗಳಲ್ಲಿ ಕೆಲವರಿಗೆ ರಿಸ್ಪೆರಿಡೋನ್, ಉಳಿದವರಿಗೆ ಹುಸಿಗುಳಿಗೆ, ಮೂರು ವಾರಗಳ ಕಾಲ. ಔಷಧವು ಗುಣಕಾರಿಯೆಂದು ಸಿದ್ಧವಾಯಿತು. ಆದರೆ ಉನ್ಮಾದಕ್ಕೆ ಲಿಥಿಯಮ್ ಮದ್ದಾಗಬಲ್ಲುದೆಂದು 1949ರಲ್ಲೇ ಆಸ್ಟ್ರೇಲಿಯದ ಜಾನ್ ಕೇಡ್ ತೋರಿಸಿದ್ದರು. ಗೊತ್ತಿರುವ ಮದ್ದನ್ನು ತಡೆಹಿಡಿದು ಇಷ್ಟು ತೀವ್ರವಾಗಿ ನರಳುವವರಿಗೆ ಹುಸಿಗುಳಿಗೆ ಕೊಡುವುದು ನ್ಯಾಯವೇ, ಆ ಸ್ಥಿತಿಯಲ್ಲಿದ್ದವರ ಸಮ್ಮತಿಗೆ ಅರ್ಥವೇನು ಎಂದು ವೈದ್ಯನೀತಿಯ ಚಿಂತಕರು ಆಕ್ಷೇಪವೆತ್ತಿದರು. 2019ರ ನಿಯಮಗಳು ಈ ಬಗೆಯ ಹಾನಿಯನ್ನು ಮರೆತಿಲ್ಲ. ದೊರೆಯಬೇಕಾಗಿದ್ದ ಚಿಕಿತ್ಸೆ ಹುಸಿಗುಳಿಗೆಯ ಪ್ರಯೋಗದಲ್ಲಿ ದೊರೆಯದೆ ಹಾನಿಯಾದರೆ ಪರಿಹಾರ ಕೊಡಬೇಕೆಂದು ವಿಧಿಸಿವೆ. ಪರಿಹಾರ ಒಳ್ಳೆಯದೇ. ಆದರೆ ಅದು ಹಾನಿಯಾದ ಮೇಲಿನ ಮಾತು; ಸಮ್ಮತಿಯ ಪ್ರಶ್ನೆ ಹಾನಿಗಿಂತ ಮುಂಚಿನದು.

ಸಮ್ಮತಿಯ ವಿಷಯದಲ್ಲಿ ನಮ್ಮ ಎರಡು ಶಾಸನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಂದು ವಿರೋಧ ಎದ್ದುಕಾಣುತ್ತದೆ. 2019ರ ನಿಯಮಗಳು ಸಮ್ಮತಿ ಕೊಡಲಾರದವರಿಗೆ ಉದಾಹರಣೆ ಹೇಳುವಾಗ ಪ್ರಜ್ಞೆ ತಪ್ಪಿದವರು, ಅಪ್ರಾಪ್ತ ವಯಸ್ಕರು, ತೀವ್ರ ಮನೋರೋಗಿಗಳು ಇವರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತವೆ. ಇವರ ಪರವಾಗಿ ಕಾನೂನುಸಮ್ಮತ ಪ್ರತಿನಿಧಿ ಒಪ್ಪಬಹುದು. ಇದಕ್ಕೆ ಎರಡು ವರ್ಷ ಮೊದಲಿನ 2017ರ ಮಾನಸಿಕ ಆರೋಗ್ಯ ಶಾಸನದ ಮನೋಧರ್ಮವೇ ಬೇರೆ. ರೋಗದ ಹೆಸರಿನಿಂದ ಅದು ಯಾರ ಸಾಮರ್ಥ್ಯವನ್ನೂ ನಿರ್ಣಯಿಸುವುದಿಲ್ಲ. ತಿಳಿಸಿದ್ದನ್ನು ಗ್ರಹಿಸುವ, ಪರಿಣಾಮವನ್ನು ಊಹಿಸುವ, ತನ್ನ ನಿರ್ಧಾರವನ್ನು ತಿಳಿಸುವ ಶಕ್ತಿಯನ್ನೇ ಅದು ಪ್ರಮಾಣವಾಗಿಟ್ಟುಕೊಂಡಿದೆ. ತಿಳಿಸುವವರು ರೋಗಿಗೆ ಅರ್ಥವಾಗುವ ಸರಳ ಭಾಷೆಯಲ್ಲೇ ತಿಳಿಸಬೇಕೆಂದೂ ವಿಧಿಸಿದೆ. ಅದರ 99ನೆಯ ಪ್ರಕರಣದಂತೆ, ಸಮ್ಮತಿ ಕೊಡಲಾರದ, ಆದರೆ ಪ್ರತಿಭಟಿಸದ ರೋಗಿಯನ್ನು ಸಂಶೋಧನೆಗೆ ಸೇರಿಸಿಕೊಳ್ಳಬೇಕಾದರೆ ಪ್ರತಿನಿಧಿಯ ಒಪ್ಪಿಗೆಯೊಂದೇ ಸಾಲದು, ರಾಜ್ಯ ಪ್ರಾಧಿಕಾರದ ಅನುಮತಿಯೂ ಬೇಕು. ಸಮ್ಮತಿ ಕೊಡಬಲ್ಲವರ ಮೇಲೆ ಆ ಸಂಶೋಧನೆ ನಡೆಯಲಾರದೆಂಬುದು ಆ ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು. ಒಂದು ಶಾಸನ ರೋಗವನ್ನು ನೋಡುತ್ತದೆ, ಇನ್ನೊಂದು ರೋಗಿಯನ್ನು.

ಎರಡನೆಯದೇ ನಮಗೆ ಗ್ರಾಹ್ಯ. ಆದರೆ ಅದರಲ್ಲಿಯೂ ಒಂದು ತೊಡಕಿದೆ. ಗ್ರಹಿಸುವ ಶಕ್ತಿಯೇ ಪ್ರಮಾಣವಾದಾಗ, ಕೇಳಿದ ಪ್ರಶ್ನೆ ರೋಗಿಯ ನುಡಿಯಲ್ಲಿ ಇರದಿದ್ದರೆ ಅವನ ಭಾಷೆಯ ಕೊರತೆಯು ಬುದ್ಧಿಯ ಕೊರತೆಯಾಗಿ ಕಂಡೀತು. ಠಾಣೆಯಲ್ಲಿ 1901ರಿಂದ ಮನೋರೋಗಿಗಳ ಆಸ್ಪತ್ರೆ ಇದೆ. ಈ ಊರುಗಳಲ್ಲಿ ಹೋಟೆಲು, ಬ್ಯಾಂಕುಗಳನ್ನು ಅರಸಿ ಕರಾವಳಿಯಿಂದ ಬಂದವರೂ, ಕಟ್ಟಡದ ಕೂಲಿಗಾಗಿ ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದವರೂ ಇದ್ದಾರೆ. ಇವರಿಗೆ ವ್ಯವಹಾರದ ಹಿಂದಿ, ಮರಾಠಿ ಬಂದೀತು; ಆದರೆ ಪೇಟೆಯ ಮಾತು ಸಂಕಟದ ಕಾಲಕ್ಕೆ ಒದಗುವುದಿಲ್ಲ. ಕರಾವಳಿಯವರಲ್ಲಿ ಎಷ್ಟೋ ಜನಕ್ಕೆ ಮನೆಮಾತು ತುಳು, ಕೊಂಕಣಿ. ಕನ್ನಡದ ಪತ್ರವೂ ಅವರಿಗೆ ಶಾಲೆಯ ಭಾಷೆಯದೇ. ಒಬ್ಬಂಟಿಯಾಗಿ ಬಂದ ಕೂಲಿಕಾರನ ಬಂಧುಗಳು ದೂರದ ಹಳ್ಳಿಯಲ್ಲಿ. ಬಂಧುವಾಗಲಿ ಆರೈಕೆ ಮಾಡುವವರಾಗಲಿ ಇಲ್ಲದಿದ್ದರೆ ಮಂಡಳಿ ನೇಮಿಸಿದ ವ್ಯಕ್ತಿ, ಅದೂ ಆಗದಿದ್ದರೆ ಸಮಾಜಕಲ್ಯಾಣ ಇಲಾಖೆಯ ನಿರ್ದೇಶಕರು ಪ್ರತಿನಿಧಿಯಾಗಬಹುದೆಂದು ಶಾಸನ ಹೇಳುತ್ತದೆ. ತನ್ನ ನುಡಿಯಲ್ಲಿ ಒಮ್ಮೆ ಕೇಳಿದ್ದರೆ ಹೌದು, ಅಲ್ಲ ಎನ್ನಬಹುದಾಗಿದ್ದ ಮನುಷ್ಯನ ಪರವಾಗಿ, ಅವನ ಮುಖವನ್ನೇ ಕಾಣದ ಅಧಿಕಾರಿ ಮಾತಾಡುವ ಪ್ರಸಂಗ ಬರಬಾರದು.

ಇನ್ನು ಅಳತೆಯ ವಿಚಾರ. ಖಿನ್ನತೆಗೆ 1960ರ ಹ್ಯಾಮಿಲ್ಟನ್ ಮಾಪಕ, ಉನ್ಮಾದಕ್ಕೆ 1978ರ ಯಂಗ್ ಮಾಪಕ, ಛಿನ್ನಮನಸ್ಕತೆಗೆ ಪ್ಯಾನ್ಸ್ ಎಂದು ಹೆಸರಾದ 1987ರ 30 ಅಂಶಗಳ ಮಾಪಕ, ಇವು ಜಗತ್ತಿನೆಲ್ಲೆಡೆ ಬಳಕೆಯಲ್ಲಿವೆ. ಮೂರೂ ಇಂಗ್ಲಿಷಿನಲ್ಲಿ ಹುಟ್ಟಿದವು. ಹ್ಯಾಮಿಲ್ಟನ್ ಮಾಪಕದಲ್ಲಿ ದುಃಖಕ್ಕೊಂದು ಅಂಶ, ಕೆಲಸದಲ್ಲಿ ಆಸಕ್ತಿ ಕುಂದುವುದಕ್ಕೊಂದು, ಸಾಯುವ ವಿಚಾರಕ್ಕೊಂದು ಎಂದು ಪ್ರತ್ಯೇಕ ಅಂಶಗಳಿವೆ. ನಮ್ಮ ಗೃಹಿಣಿಯೊಬ್ಬಳು "ಜೀವ ಬೇಸರವಾಗಿದೆ" ಎಂದಾಗ ಅದನ್ನು ಯಾವ ಮನೆಯಲ್ಲಿ ಬರೆಯಬೇಕು? ಬೇಸರವೆಂಬ ಒಂದೇ ಮಾತಿನಲ್ಲಿ ದುಃಖ, ಮುನಿಸು, ನಿರಾಸಕ್ತಿ, ದಣಿವು ಎಲ್ಲವೂ ಅಡಗಿವೆ. ಬಲ್ಲವನು ಮತ್ತೆರಡು ಪ್ರಶ್ನೆ ಕೇಳಿ ತಿಳಿದುಕೊಳ್ಳುತ್ತಾನೆ. ಅರಿಯದವನು ಸಾವಿನ ಇಚ್ಛೆಯೆಂದೋ ಬರಿಯ ಆಯಾಸವೆಂದೋ ಅಂಕ ಹಾಕುತ್ತಾನೆ. ಪ್ಯಾನ್ಸ್ ಮಾಪಕದಲ್ಲಿ ಅಮೂರ್ತ ವಿಚಾರಶಕ್ತಿಯನ್ನು ಅಳೆಯಲು ಗಾದೆಗಳ ಅರ್ಥ ಕೇಳುವ ಪದ್ಧತಿಯುಂಟು. "ಹಿತ್ತಿಲ ಗಿಡ ಮದ್ದಲ್ಲ" ಎಂದರೆ ಕನ್ನಡಿಗನಿಗೆ ಸಮೀಪದಲ್ಲಿದ್ದವರ ಬೆಲೆ ತಿಳಿಯದೆಂಬ ಅರ್ಥ ಕೂಡಲೆ ಹೊಳೆಯುತ್ತದೆ. ಪದಕ್ಕೆ ಪದವಿಟ್ಟು ಬೇರೆ ನುಡಿಗೆ ತಂದರೆ ಅದು ಗಿಡಮೂಲಿಕೆಯ ಮಾತಾಗುತ್ತದೆ. ಅನ್ಯಭಾಷೆಯ ಗಾದೆಗೆ ನಮ್ಮವನು ಶಬ್ದಾರ್ಥವನ್ನಷ್ಟೇ ಹೇಳಿದರೆ ಆ ಅಂಕ ಅವನ ರೋಗದ ಖಾತೆಗೆ ಬೀಳುತ್ತದೆ. ಇಂಥ ಅಂಕಗಳನ್ನು ಕೂಡಿಸಿ ತೆಗೆದ ಫಲಿತಾಂಶವನ್ನು ಔಷಧದ ಗುಣವೆಂದು ನಂಬುವುದೆಂತು? ಸಮ್ಮತಿಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು 2019ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಮಾಪಕದ ಭಾಷೆಯ ವಿಷಯದಲ್ಲಿ ಅಷ್ಟು ಸ್ಪಷ್ಟತೆ ಕಾಣದು.

ಹೊಸ ರಾಸಾಯನಿಕಗಳ ಪ್ರಯೋಗದಲ್ಲಿ ದುರ್ಬಲ ಸ್ಥಿತಿಯವರ ಸಮ್ಮತಿಯನ್ನು ಧ್ವನಿಚಿತ್ರವಾಗಿ ಮುದ್ರಿಸಿಡಬೇಕೆಂಬ ವಿಧಿಯಿದೆಯಲ್ಲ ಎಂದು ಕೆಲವರು ಹೇಳಬಹುದು. ತಲೆಯಾಡಿಸಿದ್ದು ಮುದ್ರಿತವಾದೀತು, ತಿಳಿದು ಆಡಿಸಿದನೇ ಎಂಬುದು ಸಂಭಾಷಣೆ ಯಾವ ಭಾಷೆಯಲ್ಲಿ ನಡೆಯಿತೆಂಬುದರ ಮೇಲೆ ನಿಂತಿದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಇಷ್ಟೊಂದು ಭಾಷೆಗಳ ಊರಿನಲ್ಲಿ ಪ್ರತಿಯೊಂದಕ್ಕೂ ಮಾಪಕ ಸಿದ್ಧಪಡಿಸುವುದೆಂದರೆ ಪ್ರಯೋಗವೇ ನಿಂತೀತು, ಭಾಷೆ ಬಾರದವರನ್ನು ಕೈಬಿಡುವುದೇ ಸುಲಭ. ಸುಲಭವೇನೋ ನಿಜ. ಆದರೆ ಪರೀಕ್ಷೆಯಿಂದ ಹೊರಗಿಟ್ಟವರನ್ನು ಆ ಮದ್ದಿನ ಮಾರಾಟದಿಂದ ಯಾರೂ ಹೊರಗಿಡುವುದಿಲ್ಲ. ಅವರ ಮಟ್ಟಿಗೆ ಅದು ಪರೀಕ್ಷೆಯಾಗದ ಮದ್ದಾಗಿಯೇ ಉಳಿಯುತ್ತದೆ.

ಆದುದರಿಂದ ಮನೋರೋಗದ ಔಷಧಪರೀಕ್ಷೆಗೆಂದೇ ಮಾರ್ಗಸೂಚಿಗಳನ್ನು ರಚಿಸುವವರು ಕೆಲವು ಅಂಶಗಳನ್ನು ಕಡ್ಡಾಯ ಮಾಡುವುದು ಯುಕ್ತ. ರೋಗಿಯ ಸಾಮರ್ಥ್ಯವನ್ನು ಅವನ ಮನೆಮಾತಿನಲ್ಲೇ, ಪ್ರಯೋಗಕ್ಕೆ ಸಂಬಂಧಪಡದ ವೈದ್ಯರು ಪರಿಶೀಲಿಸಬೇಕು; ಹೇಳಿದ್ದನ್ನು ಅವನು ತನ್ನ ಮಾತಿನಲ್ಲಿ ತಿರುಗಿ ಹೇಳುವಂತಾಗಬೇಕು. ಸ್ಥಿತಿ ಸುಧಾರಿಸಿದಂತೆ ಸಮ್ಮತಿಯನ್ನು ಮತ್ತೆ ಕೇಳಬೇಕು. ಆ ಭಾಷೆಯಲ್ಲಿ ಪರೀಕ್ಷಿಸಿ ಸರಿಪಡಿಸಿದ ಮಾಪಕವನ್ನೇ ಬಳಸಬೇಕು; ಅದು ಯಾವುದೆಂದು ವರದಿಯಲ್ಲಿ ನಮೂದಿಸಬೇಕು. ಹುಸಿಗುಳಿಗೆಯ ಗುಂಪಿನವರನ್ನು ಯಾವ ಹಂತದಲ್ಲಿ ನಿಜವಾದ ಚಿಕಿತ್ಸೆಗೆ ಬದಲಾಯಿಸಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಕನಿಷ್ಠ ಏಳು ಜನರ ನೀತಿಸಮಿತಿಯಲ್ಲಿ ಒಬ್ಬ ಸಾಮಾನ್ಯ ನಾಗರಿಕನಿಗೆ ಈಗಲೇ ಸ್ಥಾನವಿದೆ. ರೋಗಿಗಳ ಭಾಷೆ ಬಲ್ಲವರು ಅಲ್ಲಿಗೆ ಬರಲು ಹೊಸ ಶಾಸನವೇನೂ ಬೇಕಾಗಿಲ್ಲ.

ಹೊರನಾಡಿನ ಕನ್ನಡ ಸಂಘಗಳು ನಾಟಕ, ಉತ್ಸವ, ಪುಸ್ತಕ ಪ್ರಕಟಣೆಗಳಲ್ಲಿ ಮಾಡಿರುವ ಕೆಲಸ ಸಣ್ಣದಲ್ಲ. ನಮ್ಮ ಜನ ತಮ್ಮ ಮನಸ್ಸಿನ ನೋವನ್ನು ಯಾವ ಮಾತುಗಳಲ್ಲಿ ಹೇಳಿಕೊಳ್ಳುತ್ತಾರೆ, ಕರಾವಳಿಯವರ ಮಾತಿಗೂ ಬಯಲುಸೀಮೆಯವರ ಮಾತಿಗೂ ಇಲ್ಲಿ ಏನು ವ್ಯತ್ಯಾಸ ಎಂಬುದನ್ನು ಸಂಗ್ರಹಿಸಿ ವೈದ್ಯರ ಕೈಗೆ ಕೊಡುವುದೂ ಭಾಷಾಸೇವೆಯೇ. ಆ ಸಂಗ್ರಹವನ್ನು ವೈದ್ಯರು ಮಾತ್ರ ಮಾಡಲಾರರು, ಪಂಡಿತರು ಮಾತ್ರವೂ ಮಾಡಲಾರರು. ಇಬ್ಬರೂ ಈ ಊರುಗಳಲ್ಲಿ ಇದ್ದಾರೆ. ಒಟ್ಟಿಗೆ ಕುಳಿತು ಆರಂಭಿಸುವುದು ಮಾತ್ರ ಉಳಿದಿದೆ.