ಕೈ ಎತ್ತದವರ ಹಿಂಸೆ

ಹಿಂಸೆ ಮಾಡಿದವನಷ್ಟೇ ಅಲ್ಲ, ಮಾಡಿಸಿದವನೂ ಒಪ್ಪಿ ಸುಮ್ಮನಿದ್ದವನೂ ಅದರಲ್ಲಿ ಭಾಗಿಗಳೆಂಬುದು ಜೈನ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಕೃತ, ಕಾರಿತ, ಅನುಮೋದನ ಎಂಬ ಈ ವಿಂಗಡಣೆಯನ್ನು ಅಡುಗೆಮನೆಯ ನಿಯಮಗಳಿಗೆ ಅನ್ವಯಿಸಿದಷ್ಟು ಶ್ರದ್ಧೆಯಿಂದ ಮನೆಯ ಹೆಣ್ಣುಮಕ್ಕಳ ಬಾಳಿಗೆ ಅನ್ವಯಿಸಿದ್ದು ಅಪರೂಪ. ಕನ್ನಡದ ಇಬ್ಬರು ಮುಸ್ಲಿಂ ಲೇಖಕಿಯರು, ಈ ಪಾರಿಭಾಷಿಕ ಪದಗಳ ಹಂಗಿಲ್ಲದೆಯೇ, ಆ ಕೆಲಸವನ್ನು ಮಾಡಿದ್ದಾರೆ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳನ್ನು ಯಾರೂ ಕೊಲ್ಲುವುದಿಲ್ಲ. ಅಳಿಯನ ಮೇಲಿನ ಸಿಟ್ಟಿಗೆ ತಂದೆ ಮಹಮ್ಮದ್ ಖಾನ್ ಮಗಳ ಸಂಸಾರವನ್ನು ಮುರಿಯುತ್ತಾನೆ. ಗಂಡ ರಶೀದನನ್ನು ಅವಳು ಮರಳಿ ಸೇರಬೇಕಾದರೆ ಮತ್ತೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ತಲಾಖ್ ಪಡೆಯಬೇಕೆಂಬ ಕಟ್ಟಳೆ ಅಡ್ಡ ಬರುತ್ತದೆ. ಅವಳ ಒಳಿತಿಗೆಂದೇ ಅದಕ್ಕೆ ಸಿದ್ಧತೆ ನಡೆಯುತ್ತದೆ. ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ತಂದೆಯ ದರ್ಪ ಯಾರ ಕಣ್ಣಿಗೂ ಬೀಳುವಂಥದು. ಕಾದಂಬರಿಯ ನಿಜವಾದ ಬಲವಿರುವುದು ತಾಯಿಯ ಪಾತ್ರದಲ್ಲಿ. ಗಂಡನಿಗೆ ಅಂಜಿಯೇ ಬಾಳು ಸವೆಸಿದ ಆಕೆಗೆ ಮಗಳ ನೋವು ತಿಳಿಯುತ್ತದೆ. ತಡೆಯುವ ಧೈರ್ಯ ಮಾತ್ರ ಬರುವುದಿಲ್ಲ. ಹಿಂಸೆಗೆ ಈಡಾದವಳೇ ಮತ್ತೊಂದು ಹಿಂಸೆಗೆ ಮೌನದ ಒಪ್ಪಿಗೆ ಕೊಡಬೇಕಾದ ಈ ದುಃಸ್ಥಿತಿಯನ್ನು ಲೇಖಕಿ ದೂಷಣೆಯಿಲ್ಲದೆ ಕಾಣಿಸಿದ್ದಾರೆ. ರಶೀದನ ವಿಷಯದಲ್ಲಿ ಅವರ ಲೇಖನಿ ತುಸು ಹೆಚ್ಚೇ ಮೃದುವಾಯಿತು. ಹೆಂಡತಿಯನ್ನು ಪ್ರೀತಿಸುತ್ತಲೇ ಅಂಥ ಕಟ್ಟಳೆಗೆ ತಲೆಬಾಗಿದವನ ಒಳ್ಳೆಯತನವನ್ನೂ ಒರೆಗೆ ಹಚ್ಚಬೇಕಿತ್ತು.

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆ ಒಳ್ಳೆಯವರೆನಿಸಿಕೊಂಡವರನ್ನೇ ಒರೆಗೆ ಹಚ್ಚುತ್ತದೆ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ, ಇದೇ ಕಥೆಯ ಹೆಸರು ಹೊತ್ತ 12 ಕಥೆಗಳ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಪ್ರಶಸ್ತಿಗೆ ಹಿಗ್ಗಿದವರೆಲ್ಲ ಕಥೆಯನ್ನು ಓದಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ಗಂಡ ಬೇರೊಬ್ಬಳ ಬೆನ್ನುಹತ್ತಿದ ಮೇಲೆ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಸಹೋದರರು ಮನೆತನದ ಮರ್ಯಾದೆಯ ಮಾತನಾಡಿ ಅವಳನ್ನು ಗಂಡನ ಮನೆಗೇ ಮರಳಿ ಮುಟ್ಟಿಸುತ್ತಾರೆ. ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಬೆಂಕಿಯಿಂದ ಅವಳನ್ನು ತಡೆಯುವುದು ಹಿರಿಯರಲ್ಲ, ಕೂಸನ್ನು ಹಿಡಿದು ಓಡಿಬಂದ ಮಗಳು ಸಲ್ಮಾ.

ಮಹಾಶ್ವೇತಾದೇವಿಯವರ ಬಂಗಾಳಿ ಕಥೆ ‘ದ್ರೌಪದಿ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೆರೆಸಿಕ್ಕ ಸಂತಾಲ ಹೆಂಗಸು ದೋಪ್ದಿ, ರಾತ್ರಿಯ ಅತ್ಯಾಚಾರದ ಮರುಬೆಳಗ್ಗೆ, ಬಟ್ಟೆ ಉಡಲು ನಿರಾಕರಿಸಿ ಅಧಿಕಾರಿಯ ಎದುರು ನಿಲ್ಲುತ್ತಾಳೆ. ನಿರಾಯುಧಳಾದ ಹೆಣ್ಣಿಗೆ ಅವನು ಹೆದರುತ್ತಾನೆ. ಅತಿ ಘೋರವಾದದ್ದು ಈ ಕಥೆಯೇ. ಆದರೂ ದೋಪ್ದಿಗೆ ಎದುರು ನಿಲ್ಲಲು ಒಬ್ಬ ವೈರಿಯಿದ್ದಾನೆ. ಮೆಹರುನ್ ಯಾರೆದುರು ನಿಲ್ಲಬೇಕು? ಅವಳನ್ನು ತಿರುಗಿ ಕಳುಹಿಸಿದವರು ಒಡಹುಟ್ಟಿದವರು. ಗಾಯವನ್ನೇ ಹಿಗ್ಗಿಸಿ ತೋರಿಸುವ ಚಲನಚಿತ್ರಗಳಿಗೆ ಎಟುಕದ ಸೂಕ್ಷ್ಮವಿದು.

ಇವು ಆ ಸಮಾಜದ ಕಥೆಗಳು, ಅಲ್ಲಿನ ಕಟ್ಟಳೆಗಳ ಫಲ ಎಂದು ಪುಸ್ತಕ ಮಡಚುವ ಓದುಗರಿದ್ದಾರೆ. ನಾದಿರಾಳ ಮಟ್ಟಿಗೆ ಆ ಮಾತಿಗೆ ಅರ್ಧ ಆಧಾರವುಂಟು. ಮೆಹರುನ್ನಳನ್ನು ತವರಿನಿಂದ ಹಿಂದಕ್ಕೆ ಅಟ್ಟಿದ್ದು ಯಾವ ಧರ್ಮಗ್ರಂಥದ ವಿಧಿಯೂ ಅಲ್ಲ. ಮನೆತನದ ಹೆಸರು ಕೆಡುವುದೆಂಬ ಅಂಜಿಕೆ. ಆ ಮಾತುಕತೆಯಿಂದ ವ್ಯಕ್ತಿಗಳ ಹೆಸರುಗಳನ್ನು ತೆಗೆದುಬಿಟ್ಟರೆ, ಅದು ನಡೆದದ್ದು ಯಾರ ಮನೆಯ ಜಗಲಿಯಲ್ಲಿ ಎಂದು ಗುರುತಿಸುವುದು ಕಷ್ಟ.